ಎರಡನೆಯ ಕೊಳಲು

“ಈ ಊರಲ್ಲಿ ಶ್ವಾಸಕೋಶ ಇಟ್ಕೊಂಡಿರೋರು ಒಬ್ರೂ ಇಲ್ವಾ?”

ಕೇಳಿದವನು ಕಿವಿ. ಕೇಳಿದ್ದು ಯಾರನ್ನೂ ಅಲ್ಲ. ಸಂಗೀತ ಮಹಾವಿದ್ಯಾಲಯದ ಆ ಅಭ್ಯಾಸದ ಕೋಣೆಯಲ್ಲಿ ಅವನನ್ನು ಬಿಟ್ಟರೆ ಇದ್ದದ್ದು ಹಲ್ಲು ಹಳದಿಯಾದ ಒಂದು ಪಿಯಾನೋ, ಒಂದು ಕಾಲು ಗಿಡ್ಡವಾದ ಸ್ಟೂಲು, ಹಿಡಿ ಕಿತ್ತುಹೋದ ಕಿಟಕಿ. ಪಕ್ಕದ ಕೋಣೆಯ ತುತ್ತೂರಿಯವನು ಸರಿಯಾಗಿ ಅದೇ ಹೊತ್ತಿಗೆ ಒಂದು ಉದ್ದನೆಯ ಸ್ವರ ಹಿಡಿದ. ಅದನ್ನೇ ಉತ್ತರವೆಂದು ತಿಳಿದುಕೊಳ್ಳಬಹುದಿತ್ತು. ಆದರೆ ಆ ಸ್ವರವೂ ಅರ್ಧ ದಾರಿಯಲ್ಲಿ ಉಸಿರುಕಟ್ಟಿ, ಕೆಮ್ಮಾಗಿ, ಕೊನೆಗೆ ಬೈಗುಳವಾಗಿ ಮುಗಿಯಿತು.

ಕಿವಿ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಈ ವಿದ್ಯಾಲಯಕ್ಕೆ ಅವನು ಸೇರಿದ್ದು ಲೋಹದ ಕೊಳಲು ನುಡಿಸುವ ವಿದ್ಯಾರ್ಥಿಯಾಗಿ. ಮೊದಲ ವರ್ಷ ಮುಗಿಯುವ ಹೊತ್ತಿಗೆ ಕೊಳಲಿನ ಗುರುಗಳು ಅವನನ್ನು ಕರೆದು, ಹೆಗಲ ಮೇಲೆ ಕೈಯಿಟ್ಟು, “ನಿನ್ನ ಕಿವಿ ಬಹಳ ಚೆನ್ನಾಗಿದೆಯಪ್ಪ” ಎಂದರು. ಅವನು ಕುಣಿಯುತ್ತಾ ಹೊರಗೆ ಬಂದ. ಊಟ ಹೇಗಿತ್ತು ಎಂದು ಕೇಳಿದರೆ ತಟ್ಟೆ ಚೆನ್ನಾಗಿತ್ತು ಎಂದ ಹಾಗಾಯಿತಲ್ಲ ಎಂದು ಹೊಳೆದದ್ದು ಬಹಳ ದಿನಗಳ ಮೇಲೆ, ಅವನ ಹೆಸರು ನುಡಿಸುವ ವಿಭಾಗದಿಂದ ಮಹಡಿಯ ಮೇಲಿನ ರಚನೆಯ ವಿಭಾಗಕ್ಕೆ ಏರಿದಾಗ. ಅಡ್ಡಹೆಸರು ಮಾತ್ರ ಕೆಳಗಿನ ಮಹಡಿಯಿಂದಲೇ ಅಂಟಿಕೊಂಡು ಬಂತು.

ಆದರೆ ಅವನು ಆ ಹೆಸರನ್ನು ಪದಕದಂತೆ ಧರಿಸಿಕೊಂಡ. ಯಾವ ಬಾಗಿಲು ಯಾವ ಸ್ವರದಲ್ಲಿ ಕಿರುಗುಟ್ಟುತ್ತದೆ, ಗ್ರಂಥಾಲಯದ ಫ್ಯಾನು ಯಾವ ತಾಳದಲ್ಲಿ ತೂಗುತ್ತದೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಆ ಕಿವಿ ಎಲ್ಲಿಂದ ಬಂತೆಂದು ಯಾರಾದರೂ ವಿಚಾರಿಸಿದರೆ, ವಿಚಾರಿಸದಿದ್ದರೂ, ಅಜ್ಜಿಯ ಕತೆ ತೆಗೆಯುತ್ತಿದ್ದ. ಅಜ್ಜಿ ದಿನಾ ಬೆಳಗ್ಗೆ ದೇವರ ಮೇಲಿನ ಒಂದು ಉದ್ದನೆಯ ಪದ್ಯ ಹೇಳುತ್ತಿದ್ದಳು. ಪುಟ್ಟ ಹುಡುಗನಾಗಿದ್ದ ಅವನು ಅವಳ ತೊಡೆಯ ಮೇಲೆ ಕೂತು, ಅವಳ ಎದೆಗೆ ಕಿವಿ ಒತ್ತಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಉಳಿದ ನುಡಿಗಳನ್ನೆಲ್ಲ ಅಜ್ಜಿ ಸಾವಕಾಶವಾಗಿ, ನಿಲ್ಲಿಸಿ ನಿಲ್ಲಿಸಿ ಹೇಳಿದರೂ ಕೊನೆಯ ನುಡಿಯನ್ನು ಮಾತ್ರ ಎಲ್ಲೂ ಕಡಿಯದೆ, ಉಂಡೆಯಿಂದ ನೂಲು ಬಿಚ್ಚಿದ ಹಾಗೆ, ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದಳು. ಲೋಕದಲ್ಲಿ ಅಂಥ ಸದ್ದನ್ನು ತಾನು ಇನ್ನೊಮ್ಮೆ ಕೇಳಿಲ್ಲ ಎನ್ನುತ್ತಿದ್ದ ಕಿವಿ. ಅದು ನಿಜವೂ ಆಗಿತ್ತು.

ಆ ಸದ್ದನ್ನೇ ಅವನು ಅಂತಿಮ ಪರೀಕ್ಷೆಗೆ ಕಾಗದದ ಮೇಲೆ ಇಳಿಸಿದ್ದ. ಒಂಟಿ ಕೊಳಲಿಗೆ. ಮೊದಲ ಭಾಗ ಹೇಗೋ ನಡೆಯುತ್ತದೆ. ಕೊನೆಯ ಎರಡು ಪುಟ ಮಾತ್ರ ಒಂದೇ ಗೆರೆ. ಉಸಿರೆಳೆಯಲು ಸಾಸಿವೆಯಷ್ಟು ಜಾಗವಿಲ್ಲ. ಮೇಲ್ಗಡೆ ತನ್ನ ದುಂಡನೆಯ ಅಕ್ಷರದಲ್ಲಿ ಬೇರೆ ಬರೆದಿದ್ದ: ‘ಉಸಿರು ತೆಗೆದುಕೊಳ್ಳಬಾರದು’.

ವಿದ್ಯಾಲಯದ ನಿಯಮ ಏನೆಂದರೆ, ಬರೆದದ್ದಕ್ಕೆ ಅಂಕವಿಲ್ಲ, ಕೇಳಿಸಿದ್ದಕ್ಕೆ ಅಂಕ. ನುಡಿಸುವ ವಿಭಾಗದ ವಿದ್ಯಾರ್ಥಿಯೊಬ್ಬರು ಮನಸಾರೆ ಒಪ್ಪಿ, ತಮ್ಮ ಅಂತಿಮ ಕಛೇರಿಯಲ್ಲಿ ಅದನ್ನು ನುಡಿಸಬೇಕು. ಯಾರೂ ಒಪ್ಪದಿದ್ದರೆ ರಚನೆ ಕಪಾಟಿಗೆ, ರಚಿಸಿದವನು ಮನೆಗೆ. ಹಾಗಾಗಿ ಪರೀಕ್ಷೆ ಹತ್ತಿರ ಬಂತೆಂದರೆ ಮಹಡಿಯ ಮೇಲಿನವರು ಬಗಲಲ್ಲಿ ಹಾಳೆ ಹಿಡಿದು ಕೆಳಗಿನ ಮಹಡಿಯಲ್ಲಿ ಮನೆ ಮನೆ ತಿರುಗುವ ಸಾಬೂನಿನ ವ್ಯಾಪಾರಿಗಳ ಹಾಗೆ ಅಲೆಯುತ್ತಿದ್ದರು. ಕಿವಿಯೂ ಅಲೆದ. ಒಬ್ಬಳು ಹಾಳೆ ನೋಡಿ, “ಇದನ್ನ ಮೀನಿಗೆ ಕೊಡು” ಎಂದಳು. ಇನ್ನೊಬ್ಬ, “ಆಂಬುಲೆನ್ಸ್ ನೀನೇ ಕರೀತೀಯೋ, ನಾನು ಮೊದ್ಲೇ ಹೇಳಿಟ್ಟಿರ್ಲೋ?” ಎಂದು ವಿನಯವಾಗಿ ವಿಚಾರಿಸಿದ.

ಉಳಿದವಳು ಬಿರುಗಾಳಿ ಒಬ್ಬಳೇ.

ಬಿರುಗಾಳಿಗೆ ಆ ಹೆಸರು ಬಂದದ್ದು ಅವಳು ಕೊಳಲು ಊದುವ ರೀತಿಯಿಂದ ಎಂದು ಅವಳು ಹೇಳುತ್ತಿದ್ದಳು. ಜಗಳ ಆಡುವ ರೀತಿಯಿಂದ ಎಂದು ಉಳಿದವರು. ಅವಳಿಗೂ ಒಂದು ಹೊಸ ರಚನೆ ಬೇಕಿತ್ತು, ಪಠ್ಯದಲ್ಲಿ ಹಾಗೆ ಕಡ್ಡಾಯವಿತ್ತು. ಆದರೆ ಮಹಡಿಯ ಮೇಲಿನ ಪ್ರತಿಯೊಬ್ಬರ ಜೊತೆಗೂ ಅವಳು ಯಾವಾಗಲೋ ಒಮ್ಮೆ ಜಗಳವಾಡಿ ಮುಗಿಸಿದ್ದಳು. ಕಿವಿಯೊಬ್ಬನ ಜೊತೆಗಿನ ಜಗಳ ಮಾತ್ರ ಮುಗಿದಿರಲಿಲ್ಲ, ಯಾಕೆಂದರೆ ಅವನು ಜಗಳದ ನಡುವೆ ಅವಳ ದನಿ ಯಾವ ಸ್ವರದಲ್ಲಿದೆ ಎಂದು ಹೇಳಿಬಿಟ್ಟಿದ್ದ. ಅವಳಿಗೆ ನಗು ಬಂದಿತ್ತು. ಹೀಗೆ ಸಂತೆ ಮುಗಿದ ಮೇಲೆ ಉಳಿದ ಎರಡು ಬದನೆಕಾಯಿಗಳ ಹಾಗೆ ಇಬ್ಬರೂ ಒಂದೇ ಬುಟ್ಟಿಗೆ ಬಿದ್ದರು.

ಅವಳು ಬಂದು, ಹಾಳೆಯನ್ನು ಸ್ಟ್ಯಾಂಡಿನ ಮೇಲಿಟ್ಟು, ನುಡಿಸಿದಳು. ಕೊನೆಯ ಪುಟಗಳಿಗೆ ಬಂದಾಗ ಅವಳ ಮುಖ ಮೊದಲು ಕೆಂಪಾಯಿತು, ಆಮೇಲೆ ಹೆಸರಿಲ್ಲದ ಇನ್ನೊಂದು ಬಣ್ಣಕ್ಕೆ ತಿರುಗಿತು. ಕೊಳಲನ್ನು ಕೆಳಗಿಳಿಸಿ ಸ್ಟೂಲಿನ ಮೇಲೆ ಕುಸಿದಳು. ಸ್ಟೂಲು ಒಂದು ಕಡೆ ವಾಲಿತು.

“ಲೋ ಕಿವಿ,” ಎಂದಳು ಏದುಸಿರಿನಲ್ಲಿ. “ಇದನ್ನ ಎಲ್ಲಿ ಕೂತು ಬರ್ದೆ?”

“ಇಲ್ಲೇ. ಪಿಯಾನೋ ಮುಂದೆ.”

“ಅದಕ್ಕೇ. ಪಿಯಾನೋ ಉಸಿರಾಡಲ್ಲ ಕಣೋ. ನಾನು ಆಡ್ತೀನಿ. ಹುಟ್ಟಿದಾಗಿಂದ ರೂಢಿ ಆಗ್ಬಿಟ್ಟಿದೆ, ಬಿಡೋಕಾಗ್ತಿಲ್ಲ.”

“ಮೂಗಲ್ಲಿ ಎಳ್ಕೊಂಡು ಕೆನ್ನೆಯಿಂದ ಊದೋ ವಿದ್ಯೆ ಇದೆಯಲ್ಲ...”

“ಇದೆ. ಮಾಡಿ ತೋರಿಸ್ಲಾ?” ಮಾಡಿ ತೋರಿಸಿದಳು. ಸ್ವರ ಕಡಿಯಲಿಲ್ಲ, ಆದರೆ ಉಸಿರು ಎಳೆದ ಕಡೆಯೆಲ್ಲ ನೆನೆದ ಹಪ್ಪಳದ ಹಾಗೆ ಜೋತುಬಿತ್ತು. “ಇದು ಬೇಕಾ ನಿನ್ನ ಅಜ್ಜಿಗೆ?”

“ಬೇಡ.”

“ಹಾಗಾದ್ರೆ ಮಧ್ಯದಲ್ಲಿ ಒಂದು ಕಡೆ ಉಸಿರಿನ ಗುರುತು ಹಾಕು. ಒಂದೇ ಒಂದು. ನಾನು ನಾಳೆನೇ ಒಪ್ಪಿಗೆ ಬರ್ಕೊಡ್ತೀನಿ.”

ಒಪ್ಪಿಗೆ ಕೈಗೆಟಕುವಷ್ಟು ದೂರದಲ್ಲಿತ್ತು. ಒಂದು ಅಲ್ಪವಿರಾಮದಷ್ಟು ಶಾಯಿ ಖರ್ಚಾದರೆ ಸಾಕಿತ್ತು. ಕಿವಿಗೆ ಆಗ ಎಲ್ಲಿಂದಲೋ ಮಹಾಕಲಾವಿದನ ಗತ್ತು ಬಂತು. ಎದ್ದು ಕಿಟಕಿಯ ಕಡೆ ನಡೆದು, ಹೊರಗೆ ನೋಡುತ್ತಾ (ಹೊರಗೆ ಸೈಕಲ್ ಸ್ಟ್ಯಾಂಡ್ ಇತ್ತು), “ನನ್ನಜ್ಜಿ ತುಂಡು ಮಾಡದೆ ಇದ್ದದ್ದನ್ನ ನಾನು ತುಂಡು ಮಾಡಲ್ಲ” ಎಂದ. ಅದನ್ನು ಹೇಳುವಾಗ ತನ್ನ ದನಿ ತನಗೇ ಬಹಳ ಹಿಡಿಸಿತು ಎಂಬುದನ್ನು ಇಲ್ಲಿ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

“ನಿಮ್ಮಜ್ಜಿ ಇದನ್ನ ಒಂದೇ ಉಸಿರಲ್ಲಿ ಹೇಳ್ತಿದ್ರು?”

“ಹೇಳ್ತಿದ್ಲು. ಈ ಕಿವಿಯಾರೆ ಕೇಳಿದೀನಿ.”

“ನನ್ನ ಕಿವಿ ಮೇಲೆ ಹೂವಿಡಬೇಡ. ಸಾಕ್ಷಿ ಯಾರಿದ್ದಾರೆ?”

“ಚಿಕ್ಕಮ್ಮ ಇದ್ದಾಳೆ.”

“ನಡಿ,” ಎಂದಳು ಬಿರುಗಾಳಿ.

ಚಿಕ್ಕಮ್ಮ ಎಂದರೆ ಕಿವಿಯ ಅಮ್ಮನ ತಂಗಿ. ಅಜ್ಜಿ ಕೊನೆಯವರೆಗೂ ಇದ್ದದ್ದು ಅವಳ ಮನೆಯಲ್ಲೇ. ಈಗ ಅವಳೊಂದು ಡ್ರೈವಿಂಗ್ ಶಾಲೆ ನಡೆಸುತ್ತಿದ್ದಳು. ಶಾಲೆ ಎಂದರೆ ಒಂದು ಬಿಳಿ ಕಾರು, ಅದರ ಮುಂದೊಂದು ಹಿಂದೊಂದು ಕಲಿಯುವವರ ಫಲಕ, ಮತ್ತು ಚಿಕ್ಕಮ್ಮ. ಅಕ್ಕನ ಮಗನಿಗೆ ಬಿಟ್ಟಿಯಾಗಿ ಕಲಿಸುತ್ತೇನೆಂದು ಒಪ್ಪಿಕೊಂಡಿದ್ದಳು. ಅದು ಇಷ್ಟು ಕಾಲ ಹಿಡಿಯುತ್ತದೆ ಎಂದು ಗೊತ್ತಿದ್ದರೆ ಒಪ್ಪುತ್ತಿರಲಿಲ್ಲವೆಂದು ಎದುರಿಗೇ ಹೇಳುತ್ತಿದ್ದಳು. ಅವತ್ತೂ ಅವನ ಪಾಠದ ಹೊತ್ತೇ. ಕಿವಿ ಸ್ಟೀರಿಂಗ್ ಹಿಡಿದು ಕೂತ. ಚಿಕ್ಕಮ್ಮ ಪಕ್ಕದಲ್ಲಿ. ಹಿಂದಿನ ಸೀಟಿನಲ್ಲಿ ಬಿರುಗಾಳಿ, ತೊಡೆಯ ಮೇಲೆ ಕೊಳಲಿನ ಪೆಟ್ಟಿಗೆ.

ಅಂಚೆ ಕಚೇರಿ ದಾಟಿ ದೊಡ್ಡ ರಸ್ತೆಗೆ ಬಂದರು. ಕೆಂಪು ದೀಪ ಬಿತ್ತು. ಕಾರು ಮುಂದಿದ್ದ ಲಾರಿಯ ಹಿಂದೆ ಹಕ್ಕಿಪುಕ್ಕ ನೆಲಕ್ಕಿಳಿದ ಹಾಗೆ ನಿಂತಿತು. ಕಿವಿ ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿದ.

“ನೋಡಿದ್ಯಾ, ಹೇಗೆ ನಿಲ್ಸ್ದೆ? ಕೈಯಲ್ಲಿ ತುಂಬಿದ ಲೋಟ ಇದ್ರೂ ತುಳುಕಲ್ಲ.”

“ನೋಡ್ದೆ,” ಎಂದಳು ಬಿರುಗಾಳಿ. ಆದರೆ ಅವಳ ಕಣ್ಣು ಅವನ ಮೇಲಿರಲಿಲ್ಲ. ಎರಡು ಸೀಟುಗಳ ನಡುವೆ ಬಗ್ಗಿ ಚಿಕ್ಕಮ್ಮನ ಕಾಲಿನ ಕಡೆ ಏನನ್ನೋ ನೋಡುತ್ತಿದ್ದಳು.

“ಚಿಕ್ಕಮ್ಮ,” ಎಂದ ಕಿವಿ, ನ್ಯಾಯಾಲಯದಲ್ಲಿ ವಕೀಲ ತನ್ನ ಕಡೆಯ ಸಾಕ್ಷಿಯನ್ನು ಕರೆಯುವ ಧಾಟಿಯಲ್ಲಿ. “ಇವಳಿಗೆ ಹೇಳು. ಅಜ್ಜಿ ಆ ಪದ್ಯದ ಕೊನೇ ನುಡಿನ ಒಂದೇ ಉಸಿರಲ್ಲಿ ಹೇಳ್ತಿದ್ಲು ತಾನೆ?”

“ಯಾರು? ನಮ್ಮಮ್ಮನಾ?”

“ಮತ್ತಿನ್ಯಾರು?”

“ಉಬ್ಬಸ ಇದ್ದೋಳು ಕಣೋ ಅವಳು! ಮಹಡಿ ಹತ್ತೋಕೆ ಹೋದ್ರೆ ಅರ್ಧಕ್ಕೇ ಕೂತು ಕಾಗದ ಬರೆಯೋವಷ್ಟು ಹೊತ್ತು ಸುಧಾರಿಸ್ಕೋತಿದ್ಲು. ಒಂದೇ ಉಸಿರಂತೆ!” ಚಿಕ್ಕಮ್ಮನಿಗೆ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡಳು.

“ನಾನೇ ಕೇಳಿದೀನಿ ಚಿಕ್ಕಮ್ಮ. ತೊಡೆ ಮೇಲೆ ಕೂತು. ಎಲ್ಲೂ ಕಡೀತಿರ್ಲಿಲ್ಲ.”

“ಕಡೀತಿರ್ಲಿಲ್ಲ, ನಿಜ. ನೀನು ಕೇಳ್ತಿದ್ದಿದ್ದು ಇಬ್ರನ್ನ.”

ಕಿವಿ ಸ್ಟೀರಿಂಗ್ ಬಿಟ್ಟು ಅವಳ ಕಡೆ ತಿರುಗಿದ.

“ನಾನು ಅವಳ ಹಿಂದೆ ಕೂತು ತಲೆ ಬಾಚ್ತಿದ್ನಲ್ಲ, ಮರೆತ್ಯಾ? ಅವಳ ಉಸಿರು ಮುಗಿಯೋ ಹೊತ್ತಿಗೆ ಬೆನ್ನು ಒಂಚೂರು ತಗ್ಗೋದು. ಅದು ಬಾಚಣಿಗೆಗೆ ಗೊತ್ತಾಗೋದು. ಆಗ ನಾನು ಸೇರ್ಕೋತಿದ್ದೆ. ಅವಳು ಉಸಿರು ತಗೊಂಡು ಬರೋವರೆಗೂ ನಡೆಸ್ತಿದ್ದೆ. ಬಂದ್ಮೇಲೆ ಬಿಟ್ಬಿಡ್ತಿದ್ದೆ. ಆ ನುಡಿ ನಡುವೆ ನಿಲ್ಲಬಾರದು ಅಂತಿದ್ಲು ಅಮ್ಮ. ನಿಲ್ಸಿದ್ರೆ ದೇವರನ್ನ ಊಟಕ್ಕೆ ಕೂರ್ಸಿ ಅರ್ಧಕ್ಕೆ ತಟ್ಟೆ ಎತ್ಕೊಂಡ ಹಾಗೆ ಅಂತ.”

“ಮತ್ತೆ ನನಗ್ಯಾಕೆ ನಿನ್ನ ದನಿ ಕೇಳಿಸ್ಲಿಲ್ಲ?”

“ಕೇಳಿಸಬಾರದು ಅಂತ ತಾನೆ ಹೇಳ್ತಿದ್ದಿದ್ದು? ಕೇಳಿಸಿದ್ದಿದ್ರೆ ಅಮ್ಮ ಬಾಚಣಿಗೆ ಕಿತ್ಕೊಂಡು ನನ್ನ ತಲೆಗೇ ಕುಟ್ತಿದ್ಲು.”

ಹಿಂದಿನ ಸೀಟಿನಿಂದ ಒಂದು ಸದ್ದು ಬಂತು. ಬಿರುಗಾಳಿ ನಗುವನ್ನು ಕೊಳಲಿನ ಪೆಟ್ಟಿಗೆಯಲ್ಲಿ ಅದುಮಿ ಹಿಡಿಯಲು ನೋಡುತ್ತಿದ್ದಳು. “ಕಿವಿಯಂತೆ ಕಿವಿ!” ಎಂದಳು. ಆಮೇಲೆ ಸುಧಾರಿಸಿಕೊಂಡು, “ಆಂಟಿ, ಇನ್ನೊಂದು ಕೇಳ್ಲಾ? ನಿಮ್ಮ ಕಾಲ ಹತ್ರ ಇರೋದೂ ಬ್ರೇಕೇನಾ?”

“ಹೂಂನಮ್ಮ. ಕಲಿಸೋ ಗಾಡಿ ಅಲ್ವಾ.”

“ಈಗ ಲಾರಿ ಹಿಂದೆ ಗಾಡಿ ನಿಂತಿದ್ದು...”

“ಇವನು ಆಗ ಕ್ಲಚ್ ಒತ್ಕೊಂಡು ಆಕಾಶ ನೋಡ್ತಿದ್ದ.”

“ಅದು ಅಪಾಯಕ್ಕೆ ಮಾತ್ರ ಅಂತ ಹೇಳಿದ್ಯಲ್ಲ ಚಿಕ್ಕಮ್ಮ!”

“ನೀನು ಅಲ್ಲಿ ಕೂತ್ಮೇಲೆ ಬೇರೆ ಅಪಾಯ ಎಲ್ಲಿಂದ ತರ್ಲೋ?”

ಹಸಿರು ದೀಪ ಬಿದ್ದು ಎಷ್ಟೋ ಹೊತ್ತಾಗಿತ್ತು. ಹಿಂದಿನ ಗಾಡಿಗಳೆಲ್ಲ ಹಾರನ್ ಒತ್ತುತ್ತಿದ್ದವು. ಕಿವಿಗೆ ಅದೂ ಕೇಳಿಸಿರಲಿಲ್ಲ.

ಕಾರನ್ನು ಒಂದು ಮರದ ಕೆಳಗೆ ನಿಲ್ಲಿಸಿದರು. ಯಾರು ನಿಲ್ಲಿಸಿದರು ಎಂದು ಈ ಸಲ ಅವನು ಕೇಳಲು ಹೋಗಲಿಲ್ಲ. “ಹೇಳು ನೋಡೋಣ, ಕೊನೇ ನುಡಿ,” ಎಂದಳು ಚಿಕ್ಕಮ್ಮ. ಅವನು ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು, ಮುಂದಿನ ಗಾಜನ್ನು ನೋಡುತ್ತಾ, ಎಷ್ಟೋ ವರ್ಷಗಳ ಮೇಲೆ ಬಾಯಿಬಿಟ್ಟು ಹೇಳತೊಡಗಿದ. ಹೇಳುತ್ತಾ ಹೋದ. ಮುಗಿಸಿದ ಮೇಲೆ ಗೊತ್ತಾಯಿತು, ತಾನು ನಡುನಡುವೆ ಹೊಟ್ಟೆ ತುಂಬ ಉಸಿರೆಳೆದುಕೊಂಡಿದ್ದರೂ ಪದ್ಯ ಎಲ್ಲೂ ನಿಂತಿರಲಿಲ್ಲ ಎಂದು. ಅಜ್ಜಿಯ ಎದೆಯಲ್ಲಿ ಕೇಳಿದ ಅದೇ ಸದ್ದು. ಇಷ್ಟು ವರ್ಷ ಯಾವ ದನಿಯನ್ನು ಹಾಡಿಹೊಗಳಿಕೊಂಡು ತಿರುಗಿದನೋ ಅದರ ಅರ್ಧ ಪಕ್ಕದ ಸೀಟಿನಲ್ಲೇ ಇತ್ತು.

“ಇನ್ನೊಂದು ಸಲ ಹೇಳೋಣ ಚಿಕ್ಕಮ್ಮ. ನೀನು ಸ್ವಲ್ಪ ಜೋರಾಗಿ ಹೇಳು, ಎಲ್ಲಿ ಸೇರ್ತೀಯ ನೋಡ್ತೀನಿ.”

“ಜೋರಾಗಿ ಹೇಳೋದಾದ್ರೆ ಪೂರ್ತಿ ನಾನೇ ಹೇಳ್ಕೋತಿದ್ದೆ. ನೀನ್ಯಾಕೆ?” ಎಂದಳು ಚಿಕ್ಕಮ್ಮ. “ಗಾಡಿ ತೆಗಿ. ಮುಂದಿನ ಪಾಠದವರು ಕಾಯ್ತಿರ್ತಾರೆ.”

ಅವನು ಒಂದು ವಾರ ಕೂತು ಕೊನೆಯ ಎರಡು ಪುಟಗಳನ್ನು ಮತ್ತೆ ಬರೆದ. ‘ಉಸಿರು ತೆಗೆದುಕೊಳ್ಳಬಾರದು’ ಎಂಬ ಸಾಲನ್ನು ಅಳಿಸಿದ. ಅಳಿಸುವಾಗ ಕಾಗದ ತೂತಾಯಿತು. ಮೇಲೆ ‘ಎರಡು ಕೊಳಲಿಗೆ’ ಎಂದು ಬರೆದ. ಮೊದಲ ಕೊಳಲಿನ ಗೆರೆ ಮೊದಲಿನ ಹಾಗೆಯೇ ಇತ್ತು. ಎರಡನೆಯದರ ಹಾಳೆ ಮಾತ್ರ ತಿಂಡಿ ತಿಂದೆದ್ದ ಮೇಜಿನ ಹಾಗಿತ್ತು: ಉದ್ದಕ್ಕೂ ಖಾಲಿ, ಅಲ್ಲೊಂದು ಇಲ್ಲೊಂದು ಸ್ವರದ ಚೂರು.

ರಚನೆಯ ಮೇಷ್ಟ್ರು ಅದನ್ನು ನೋಡಿದರು. ಅವರು ಮಾತು ಕಡಿಮೆಯ ಮನುಷ್ಯ. ಪೆನ್ಸಿಲಿನ ತುದಿ ಕಡಿಯುತ್ತಾ ಓದಿದರು, ಮತ್ತೆ ಮೊದಲಿಂದ ಓದಿದರು.

“ಮೂರು ವರ್ಷದಲ್ಲಿ ಇದೇ ಮೊದಲನೇ ಸಲ ನೀನು ಮನುಷ್ಯರು ನುಡಿಸಬಹುದಾದದ್ದನ್ನ ಬರೆದಿದ್ದೀಯ,” ಎಂದರು. “ಎರಡನೆಯದನ್ನ ಯಾರು ನುಡಿಸ್ತಾರೆ?”

ಅದೇ ಈಗ ತೊಡಕಾಗಿತ್ತು. ಕಿವಿ ಮತ್ತೆ ಬಗಲಲ್ಲಿ ಹಾಳೆ ಇಟ್ಟುಕೊಂಡು ಅಲೆದ. ಮೊದಲು ಕಷ್ಟವಾಯಿತೆಂದು ಬೇಡ ಎಂದವರು ಈಗ ಸುಲಭವಾಯಿತೆಂದು ಬೇಡ ಎಂದರು. ಮೀನಿಗೆ ಕೊಡು ಎಂದವಳು ಸ್ವಲ್ಪ ಮರುಕದಿಂದಲೇ ಹೇಳಿದಳು: “ನಮ್ಮಮ್ಮ ಬಂದು ಮುಂದಿನ ಸಾಲಲ್ಲಿ ಕೂತಿರ್ತಾರೆ ಕಣೋ. ಅದರಲ್ಲಿ ನಾನು ಯಾವುದು ಅಂತ ಅವರಿಗೆ ಹೇಗೆ ತೋರಿಸ್ಲಿ?”

“ಮಹಡಿ ಮೇಲಿನೋರು ಜೊತೆಗೆ ನುಡಿಸಬಾರದು ಅಂತ ನಿಯಮ ಏನಾದ್ರೂ ಇದ್ಯಾ?” ಎಂದು ಬಿರುಗಾಳಿ ಕೇಳಿದಳು. ಮೇಷ್ಟ್ರನ್ನು ವಿಚಾರಿಸಿದರೆ, ಮುಖ್ಯ ವಾದ್ಯ ನುಡಿಸುವ ವಿಭಾಗದವರದ್ದಾಗಿದ್ದರೆ ಸಾಕು, ಜೊತೆಗಾರರು ಯಾರಾದರೂ ಆಗಬಹುದು ಎಂದರು. ಹಾಗೆ ಹೇಳಿ, ಕಿವಿಯ ಬೆರಳುಗಳನ್ನೊಮ್ಮೆ ನೋಡಿ, ಪೆನ್ಸಿಲನ್ನು ಮತ್ತೆ ಬಾಯಿಗಿಟ್ಟುಕೊಂಡರು.

ಮಂಚದ ಕೆಳಗಿನಿಂದ ಕೊಳಲಿನ ಪೆಟ್ಟಿಗೆ ಹೊರಬಂತು. ಅದರ ಮೇಲಿನ ಧೂಳಿನಲ್ಲಿ ತರಕಾರಿ ಬೆಳೆಯಬಹುದಿತ್ತು.

ಅಭ್ಯಾಸ ಶುರುವಾಯಿತು. ಎರಡು ಕಡೆಯಿಂದ ಸದ್ದು ಬಂದರೆ ಎರಡೆಂದು ಗೊತ್ತಾಗಿಬಿಡುತ್ತದೆ. ಆದ್ದರಿಂದ ಅವನು ಬಿರುಗಾಳಿಯ ಬೆನ್ನಿಗೆ ಹತ್ತಿಕೊಂಡ ಹಾಗೆ, ಅವಳ ನೆರಳಿನಲ್ಲಿ ನಿಲ್ಲಬೇಕಾಯಿತು. ಅವಳು ಅವನಿಗಿಂತ ಎತ್ತರ. ಅವನಿಗೆ ಕಾಣುತ್ತಿದ್ದದ್ದು ಅವಳ ಜಡೆ, ಎರಡು ಭುಜ, ಅಷ್ಟೇ.

“ನೀನು ಬರೋದು ಬಾಗಿಲು ಒದ್ದು ಬಂದ ಹಾಗಿದೆ,” ಎಂದಳು ಮೊದಲ ದಿನ.

ಎರಡನೆಯ ದಿನ, “ಬರೋದು ಸರಿಹೋಯ್ತು. ಹೋಗೋವಾಗ ಯಾಕೆ ಟಾಟಾ ಮಾಡ್ತೀಯ?”

ಅವನ ಕಷ್ಟ ಬೆರಳಿನದ್ದಾಗಿರಲಿಲ್ಲ. ಆ ನಾಲ್ಕು ಚೂರು ಸ್ವರಗಳನ್ನು ಯಾವ ಬೆರಳಾದರೂ ನುಡಿಸಬಹುದಿತ್ತು. ಆದರೆ ಎಷ್ಟೋ ಹೊತ್ತು ಸುಮ್ಮನೆ ನಿಂತು ಕೊನೆಗೊಮ್ಮೆ ತನ್ನ ಸ್ವರ ಬಂದಾಗ ಅದಕ್ಕೊಂದಿಷ್ಟು ಸಿಂಗಾರ ಮಾಡದೆ ಕಳಿಸಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ. ಸ್ವಲ್ಪ ನಡುಗಿಸುತ್ತಿದ್ದ, ತುದಿಯಲ್ಲಿ ಸ್ವಲ್ಪ ಕೊಂಕಿಸುತ್ತಿದ್ದ.

“ಅಲ್ಲೇನದು?” ಎಂದು ಬಿರುಗಾಳಿ ತಿರುಗಿದಳು.

“ಭಾವ.”

“ನಿನ್ನ ಭಾವವನ್ನ ಜೇಬಲ್ಲಿಟ್ಕೋ. ಉಸಿರು ತಗೊಂಡು ವಾಪಸ್ ಬರ್ತೀನಿ, ನನ್ನ ಜಾಗದಲ್ಲಿ ನೀನು ಕಾಲು ಚಾಚ್ಕೊಂಡು ಮಲಗಿರ್ತೀಯ!”

ಮನೆಗೆ ಹೋಗುವಾಗ ಅವನು ಚಿಕ್ಕಮ್ಮ ಹೇಳಿದ ಬಾಚಣಿಗೆಯನ್ನು ನೆನೆದ. ಮರುದಿನದಿಂದ ಹಾಳೆ ನೋಡುವುದನ್ನು ಬಿಟ್ಟು ಅವಳ ಭುಜ ನೋಡತೊಡಗಿದ. ಉಸಿರು ಮುಗಿಯುವ ಮುನ್ನ ಎಡಭುಜ ಅಕ್ಕಿಕಾಳಿನಷ್ಟು ಇಳಿಯುತ್ತಿತ್ತು. ಇಳಿದಾಗ ಸೇರಿಕೊಂಡ. ಮೇಲೆದ್ದಾಗ ಬಿಟ್ಟ. ಒಂದು ಸಂಜೆ ನುಡಿಸಿ ಮುಗಿಸಿದ ಮೇಲೆ ಬಿರುಗಾಳಿ ಏನೂ ಬೈಯಲಿಲ್ಲ. ಅವನು ಕಾದ. ಅವಳು ಕೊಳಲು ಒರೆಸುತ್ತಾ, “ನೀನು ನುಡಿಸಿದ್ಯಾ?” ಎಂದು ಕೇಳಿದಳು.

“ನುಡಿಸ್ದೆ.”

“ಹಾಗಾದ್ರೆ ಸರಿ,” ಎಂದಳು. ಅವನ ಜೀವನದಲ್ಲಿ ಕೊಳಲಿಗಾಗಿ ಸಿಕ್ಕ ಮೊದಲ ಹೊಗಳಿಕೆ ಅದು. ಅದನ್ನು ಹೊಗಳಿಕೆಯೆಂದು ಬೇರೆ ಯಾರಿಗಾದರೂ ಹೇಳಿ ಒಪ್ಪಿಸುವುದು ಹೇಗೆಂದು ಮಾತ್ರ ತಿಳಿಯಲಿಲ್ಲ.

ಪರೀಕ್ಷೆ ಬೆಳಗಿನ ಹೊತ್ತಿಗೆ, ದೊಡ್ಡ ಸಭಾಂಗಣದಲ್ಲಿ. ಮುಖ ನೋಡಿ ಅಂಕ ಹಾಕಬಾರದೆಂದು ಪರೀಕ್ಷಕರನ್ನು ಒಂದು ಕಡುಗೆಂಪು ಪರದೆಯ ಆಚೆ ಕೂರಿಸುವುದು ವಿದ್ಯಾಲಯದ ಪದ್ಧತಿ. ಅವರಿಗೆ ವೇದಿಕೆ ಕಾಣುವುದಿಲ್ಲ. ವೇದಿಕೆಯವರಿಗೆ ಪರದೆಯ ಕೆಳಗೆ ಅವರ ಬೂಟುಗಳು ಮಾತ್ರ ಕಾಣುತ್ತವೆ. ಮನೆಯವರು ಪಕ್ಕದ ಸಾಲುಗಳಲ್ಲಿ ಕೂರಬಹುದು. ಅಲ್ಲಿ ಚಿಕ್ಕಮ್ಮ ಕಾರಿನ ಕೀಲಿಯನ್ನು ಮಡಿಲಲ್ಲಿಟ್ಟುಕೊಂಡು ಬಂದು ಕೂತಿದ್ದಳು. ಎರಡು ಪಾಠ ಮುಂದಕ್ಕೆ ಹಾಕಿ ಬಂದಿದ್ದೇನೆ, ಬೇಗ ಮುಗಿಸಿ ಎಂದು ಮೊದಲೇ ಹೇಳಿದ್ದಳು. ಮೇಷ್ಟ್ರು ಬಾಗಿಲ ಬಳಿ ನಿಂತಿದ್ದರು.

ಬಿರುಗಾಳಿ ಮುಂದೆ ನಿಂತಳು. ಕಿವಿ ಅವಳ ಹಿಂದೆ. ಅವನ ಅಂಗೈ ಎಷ್ಟು ಬೆವೆತಿತ್ತೆಂದರೆ ಕೊಳಲು ಜಾರಿ ಬಿದ್ದರೆ ಅದಾದರೂ ಕೇಳಿಸೀತು ಎಂದು ತನ್ನಲ್ಲೇ ಅಂದುಕೊಂಡ.

ಮೊದಲ ಭಾಗ ಮುಗಿಯಿತು. ಕೊನೆಯ ಗೆರೆ ಶುರುವಾಯಿತು. ಅವಳು ಊದುತ್ತಾ ಹೋದಳು. ಭುಜ ಇಳಿಯಿತು, ಅವನು ಸೇರಿಕೊಂಡ; ಎದ್ದಿತು, ಬಿಟ್ಟ. ಇನ್ನೊಮ್ಮೆ ಇಳಿಯಿತು. ಅವನಿಗೆ ತನ್ನ ಕೊಳಲಿನ ಸದ್ದು ತನಗೇ ಕೇಳಿಸುತ್ತಿರಲಿಲ್ಲ. ಬೆರಳಿನ ಕೆಳಗೆ ಲೋಹ ಸಣ್ಣಗೆ ಅದುರುತ್ತಿದ್ದುದರಿಂದಷ್ಟೇ ಊದುತ್ತಿದ್ದೇನೆಂದು ಗೊತ್ತಾಗುತ್ತಿತ್ತು. ಒಂದು ಕಡೆ, ಅವಳ ಜಡೆಯ ಪಕ್ಕದಿಂದ, ಚಿಕ್ಕಮ್ಮ ಕಣ್ಣಿಗೆ ಬಿದ್ದಳು. ಅವಳ ತುಟಿ ಅಲುಗುತ್ತಿರಲಿಲ್ಲ. ಬಲಗಾಲು ಮಾತ್ರ ನೆಲವನ್ನು ಮೆಲ್ಲಗೆ ಒತ್ತುತ್ತಿತ್ತು, ಬಿಡುತ್ತಿತ್ತು. ಅವನು ಸೇರುವಲ್ಲೆಲ್ಲ ಒತ್ತುತ್ತಿತ್ತು. ನೂಲಿನ ಉಂಡೆ ಬಿಚ್ಚಿಕೊಳ್ಳುತ್ತಾ, ಬಿಚ್ಚಿಕೊಳ್ಳುತ್ತಾ, ತುದಿ ಸಿಕ್ಕಿ, ಮುಗಿಯಿತು.

ಸಭಾಂಗಣದಲ್ಲಿ ಯಾರೂ ಕೆಮ್ಮಲಿಲ್ಲ. ಪರದೆಯ ಕೆಳಗಿನ ಬೂಟುಗಳು ಅಲುಗಾಡಲಿಲ್ಲ. ಆಮೇಲೆ ಒಳಗೆ ಹಾಳೆ ತಿರುವಿದ ಸದ್ದು; ಗುಸುಗುಸು.

“ಅದ್ಭುತ,” ಎಂದಿತು ಪರದೆಯ ಆಚೆಯಿಂದ ಹಿರಿಯ ಪರೀಕ್ಷಕರ ದನಿ. “ಇಂಥ ಉಸಿರನ್ನ ನಾನು ಈವರೆಗೆ ಕೇಳಿಲ್ಲ. ಆದರೆ ಒಂದು ತೊಂದರೆ ಇದೆ. ಇಲ್ಲಿ ಎರಡು ಕೊಳಲಿಗೆ ಅಂತ ಬರೆದಿದೆ. ಎರಡನೆಯವರು ಬಂದಿಲ್ಲವಾ?”

“ಇಲ್ಲೇ ಇದ್ದಾರೆ ಸರ್,” ಎಂದಳು ಬಿರುಗಾಳಿ.

“ಇದ್ದಾರಾ? ನಮಗೆ ಒಂದೇ ಕೇಳಿಸಿತಲ್ಲ.”

“ನುಡಿಸಿದ್ರು ಸರ್.”

“ನುಡಿಸಿರಬಹುದಮ್ಮ. ಇಲ್ಲ ಅನ್ನಲ್ಲ. ಆದರೆ ನಿಮ್ಮ ನಿಯಮವೇ ಹೇಳುತ್ತೆ, ಕೇಳಿಸಿದ್ದಕ್ಕೆ ಅಂಕ ಅಂತ. ನಿಮ್ಮ ಅಂಕಕ್ಕೆ ತೊಂದರೆ ಇಲ್ಲ, ಅದು ಬರೆದಾಯ್ತು. ರಚಿಸಿದವರಿಗೆ ಹಾಕಬೇಕು ಅಂದ್ರೆ ಅವರು ಬರೆದದ್ದೆಲ್ಲ ನಮ್ಮ ಕಿವಿಗೆ ಬೀಳಬೇಕು.” ದನಿಯಲ್ಲಿ ಗಡಸು ಇರಲಿಲ್ಲ, ದಾರಿ ತೋರಿಸುವ ಕಾಳಜಿ ಇತ್ತು. “ಒಂದು ಕೆಲಸ ಮಾಡೋಣ. ಎರಡನೆಯವರು ತಮ್ಮ ಭಾಗವನ್ನ ಒಂಟಿಯಾಗಿ ನುಡಿಸಲಿ. ಮೊದಲಿಂದ ಕೊನೆವರೆಗೆ. ಕೇಳಿಬಿಡ್ತೀವಿ, ಅಂಕ ಹಾಕಿಬಿಡ್ತೀವಿ.”

ಬಾಗಿಲ ಬಳಿಯಿಂದ ಮೇಷ್ಟ್ರು ಕೈಸನ್ನೆ ಮಾಡಿದರು: ನುಡಿಸು, ನುಡಿಸು. ಬಿರುಗಾಳಿ ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟಳು. ಮುಂದೆ ಯಾರೂ ಇಲ್ಲದೆ ವೇದಿಕೆಯ ಮೇಲೆ ನಿಂತು ಅವನಿಗೆ ಅಭ್ಯಾಸ ತಪ್ಪಿಹೋಗಿತ್ತು. ಬಟ್ಟೆ ತೊಡಲು ಮರೆತವನಂತೆ ಕುಗ್ಗಿದ.

ಈ ವಿದ್ಯಾಲಯಕ್ಕೆ ಕಾಲಿಟ್ಟಂದಿನಿಂದ ಅವನು ಕಾದದ್ದು ಇದೊಂದೇ ಮಾತಿಗೆ. ಯಾರಾದರೂ, ಒಮ್ಮೆಯಾದರೂ, ನೀನು ನುಡಿಸಪ್ಪ, ಕೇಳುತ್ತೇವೆ ಎನ್ನಬೇಕು. ಅದೂ ಒಂಟಿಯಾಗಿ. ಅದೂ ಹಿರಿಯ ಪರೀಕ್ಷಕರು. ಕೊಳಲಿನ ಗುರುಗಳು ಇಲ್ಲೇ ಎಲ್ಲಾದರೂ ಕೂತಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂದು ಆ ಹೊತ್ತಿನಲ್ಲೂ ಅವನ ಕಣ್ಣು ಸಾಲುಗಳ ಮೇಲೆ ಹರಿಯಿತು.

ಅವನು ಕೊಳಲನ್ನು ತುಟಿಯವರೆಗೆ ತಂದ. ಹಾಳೆ ನೋಡಿದ. ಖಾಲಿ, ಖಾಲಿ, ಒಂದು ಚೂರು, ಮತ್ತೆ ಖಾಲಿ. ಒಂಟಿಯಾಗಿ ನುಡಿಸಿದರೆ ಮೇಕೆಯೊಂದು ದೂರದ ಕೋಣೆಯಲ್ಲಿ ಯೋಚನೆ ಮಾಡಿ ಮಾಡಿ ಕೆಮ್ಮಿದ ಹಾಗಿರುತ್ತದೆ. ಅದಕ್ಕೆ ಹೆದರಿದನೇ? ಹೆದರಿದ. ಸುಳ್ಳೇಕೆ. ಆದರೂ ಮೇಕೆಯ ಕೆಮ್ಮಿಗೆ ಪಾಸಾಗುವಷ್ಟು ಅಂಕ ಸಿಗುವುದಿದ್ದರೆ ಅವನು ನಾಲ್ಕೂ ವರ್ಷ ಸಂತೋಷವಾಗಿ ಕೆಮ್ಮುತ್ತಿದ್ದ. ನಾಚಿಕೆ ಅವನಿಗೆ ಹೊಸದಲ್ಲ. ಕೈ ತಡೆದದ್ದು ‘ಕೇಳಿಸಬಾರದು ಅಂತ ತಾನೆ ಹೇಳ್ತಿದ್ದಿದ್ದು?’ ಎಂದ ಚಿಕ್ಕಮ್ಮನ ಮಾತು.

ಪಕ್ಕದ ಸಾಲಿನ ಕಡೆ ನೋಡಿದ. ಚಿಕ್ಕಮ್ಮ ಅವನಿಗೆ ಯಾವ ಸನ್ನೆಯನ್ನೂ ಮಾಡಲಿಲ್ಲ. ಕೀಲಿಯನ್ನು ಕೈಗೆ ತೆಗೆದುಕೊಂಡಿದ್ದಳು. ಎರಡೂ ಕಾಲುಗಳನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡು, ಪಾದದ ಮೇಲೆ ಪಾದ ಇಟ್ಟು ಕೂತಿದ್ದಳು. ಈ ಸಲ ಬ್ರೇಕ್ ಇದ್ದದ್ದು ಅವನ ಕಾಲ ಕೆಳಗೆ ಮಾತ್ರ.

ಅವನು ಕೊಳಲನ್ನು ಕೆಳಗಿಳಿಸಿದ.

“ಸಿದ್ಧ ಆಗಿದ್ದೀರಾ?” ಎಂದಿತು ಪರದೆ. “ನುಡಿಸ್ತೀರಲ್ಲ?”

“ಇಲ್ಲ ಸರ್,” ಎಂದ ಕಿವಿ. “ನುಡಿಸಲ್ಲ.”